ಸೇವೆ ಮಾಡಿದವಳು ಸಹಿ ಹಾಕಬಾರದಾ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಕೆನಡಾದ ನೆಲ್ಲಿ ಕೂರ್ನೋಯಾ ಅವರ ಬಗ್ಗೆ ಓದಿದೆ. ಬುಡಕಟ್ಟಿನ ಹೆಣ್ಣುಮಗಳು ರೇಡಿಯೊದಲ್ಲಿ, ಸಂಘಟನೆಯಲ್ಲಿ ಅಷ್ಟು ಒಳ್ಳೆಯ ಕೆಲಸ ಮಾಡುತ್ತಿದ್ದರು. ಚುನಾವಣೆಗೆ ಯಾಕೆ ನಿಂತರು? ಮೊದಲು ಗ್ಯಾಸ್ ಪೈಪ್‌ಲೈನ್ ಬೇಡ ಎಂದವರ ಜೊತೆಗಿದ್ದರು, ಕೊನೆಗೆ ಬೇಕು ಎಂದರು. ರಾಜಕೀಯ ಮನುಷ್ಯರನ್ನು ಹೀಗೇ ಮಾಡುತ್ತದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಮಲೆನಾಡಿನ ಬುಡಕಟ್ಟಾದ ಹಸಲರ ಕೇರಿಯವಳು. ಸ್ವಸಹಾಯ ಸಂಘವನ್ನು ಚೆನ್ನಾಗಿ ನಡೆಸುತ್ತಿದ್ದಾಳೆ. ‘ಪಂಚಾಯಿತಿಗೆ ನಿಲ್ಲಲಾ ಮೇಷ್ಟ್ರೇ?’ ಎಂದು ಕೇಳಿದಳು. ‘ಬೇಡಮ್ಮ, ಆ ಹೊಲಸಿಗೆ ಇಳಿಯಬೇಡ’ ಎಂದೆ. ಸರಿ ತಾನೇ?
— ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಕ್ಷರ ನೋಡಿದರೇ ಗೊತ್ತಾಗುತ್ತದೆ, ಎಷ್ಟು ಮಕ್ಕಳ ಕಾಗುಣಿತ ತಿದ್ದಿದ ಕೈ ಇದು ಅಂತ. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಒಬ್ಬ ವಿದ್ಯಾರ್ಥಿನಿ ನಿಮ್ಮ ಮನೆಗೆ ಬಂದು ಸಲಹೆ ಕೇಳುತ್ತಾಳೆ. ಅದಕ್ಕಿಂತ ದೊಡ್ಡ ಪ್ರಶಸ್ತಿ ಮೇಷ್ಟ್ರಿಗೆ ಬೇರೆ ಏನಿದೆ? ಆದರೆ ನೀವು ಕೊಟ್ಟ ಸಲಹೆಯನ್ನು ನಾನು ಒಪ್ಪಲಾರೆ.

ನಿಮ್ಮ ಭಯ ಸುಳ್ಳಲ್ಲ. ಚುನಾವಣೆಗೆ ದುಡ್ಡು ಸುರಿಯುವುದನ್ನು, ಹೆಂಡತಿ ಗೆದ್ದ ಕುರ್ಚಿಯಲ್ಲಿ ಗಂಡ ಬಂದು ಕೂರುವುದನ್ನು ನಾನೂ ನೋಡಿದ್ದೇನೆ. ಒಳ್ಳೆಯವರು ಅಲ್ಲಿಗೆ ಹೋಗಿ ಬಾಡಿದ್ದೂ ಉಂಟು. ಅಷ್ಟನ್ನು ಒಪ್ಪಿಕೊಂಡು ಮುಂದಿನ ಮಾತಿಗೆ ಬರುತ್ತೇನೆ.

‘ಅಷ್ಟು ಒಳ್ಳೆಯ ಕೆಲಸ ಮಾಡುತ್ತಿದ್ದವರು ಯಾಕೆ ನಿಂತರು?’ ಎಂದು ಕೇಳಿದಿರಿ. ಅಷ್ಟು ಒಳ್ಳೆಯ ಕೆಲಸ ಮಾಡುತ್ತಿದ್ದುದರಿಂದಲೇ ನಿಂತರು.

ನೆಲ್ಲಿ ಹುಟ್ಟಿದ್ದು 1940ರಲ್ಲಿ, ಅಕ್ಲಾವಿಕ್ ಎಂಬ ಊರಿನಲ್ಲಿ. ಮೆಕೆಂಜಿ ನದಿ ಕವಲೊಡೆದು ಉತ್ತರದ ಮಂಜಿನ ಸಮುದ್ರ ಸೇರುವ ಜಾಗ ಅದು. ಅಪ್ಪ ನಾರ್ವೆಯಿಂದ ಬಂದವರು, ಅಮ್ಮ ಅಲಾಸ್ಕಾ ಕಡೆಯ ಮೂಲನಿವಾಸಿಗಳಾದ ಇನುಪಿಯಾಟ್ ಜನಾಂಗದವರು. ಬೋನು ಹಾಕಿ ತುಪ್ಪಳದ ಪ್ರಾಣಿ ಹಿಡಿದು ಬದುಕುವ ಮನೆ. ಓದಿದ್ದು ಅಂಚೆಯಲ್ಲಿ ಬಂದ ಪಾಠಗಳನ್ನು. ಆಮೇಲೆ ಇನುವಿಕ್ ಊರಿನಲ್ಲಿದ್ದ ಸಿಬಿಸಿ ಎಂಬ ಕೆನಡಾದ ಸರ್ಕಾರಿ ರೇಡಿಯೊದಲ್ಲಿ ಉದ್ಘೋಷಕಿಯಾದರು, ಆ ಕೇಂದ್ರವನ್ನೇ ನಡೆಸಿದರು. ಒಂದೂರಿಂದ ಇನ್ನೊಂದೂರಿಗೆ ರಸ್ತೆಯೇ ಇಲ್ಲದ ಸೀಮೆಯಲ್ಲಿ ರೇಡಿಯೊ ಅಂದರೆ ಬರೀ ಹಾಡಲ್ಲ. ದೂರದ ಬೇಟೆಯ ಬಿಡಾರದಲ್ಲಿ ಕೂತವರಿಗೆ ಸುದ್ದಿ ಮುಟ್ಟುತ್ತಿದ್ದುದು ಅದರಿಂದಲೇ. ಅಂಥ ಕಡೆ ವರ್ಷಗಟ್ಟಲೆ ಕೆಲಸ ಮಾಡಿದವಳಿಗೆ ಯಾವ ಮನೆಯಲ್ಲಿ ಏನು ಕಷ್ಟ ಎಂದು ಯಾರೂ ವರದಿ ಬರೆದು ಕೊಡಬೇಕಾಗಿಲ್ಲ.

ಅದೇ ಕಾಲಕ್ಕೆ ಎಣ್ಣೆ ಕಂಪನಿಗಳು ಬಂದವು. 1968ರಲ್ಲಿ ಪಕ್ಕದ ಅಲಾಸ್ಕಾದಲ್ಲಿ ದೊಡ್ಡ ಎಣ್ಣೆ ನಿಕ್ಷೇಪ ಸಿಕ್ಕಿತ್ತು. ಬ್ಯಾಂಕ್ಸ್ ದ್ವೀಪದ ಸ್ಯಾಕ್ಸ್ ಹಾರ್ಬರ್‌ನವರು ಬಿಳಿ ನರಿ ಹಿಡಿದು ಜೀವನ ಮಾಡುವವರು. ಅವರ ಬೇಟೆಯ ನೆಲದಲ್ಲಿ ಎಣ್ಣೆ ಹುಡುಕಲು ರಾಜಧಾನಿ ಒಟ್ಟಾವದ ಸರ್ಕಾರ ಅಪ್ಪಣೆ ಕೊಟ್ಟಿತು. ಆ ಜನರ ಬೆನ್ನಿಗೆ ನಿಂತದ್ದು ‘ಕೋಪ್’ ಎಂಬ ಸಂಘಟನೆ. 1970ರಲ್ಲಿ ಇನುವಿಕ್‌ನಲ್ಲಿ ಹುಟ್ಟಿದ್ದು. ಮೊದಲ ಅಧ್ಯಕ್ಷೆ ಆಗ್ನೆಸ್ ಸೆಮ್ಲರ್. ಕಟ್ಟಿದವರಲ್ಲಿ ನೆಲ್ಲಿಯೂ ಒಬ್ಬರು. ಆ ಹೆಸರಿನ ಅರ್ಥವೇ ಮೂಲ ಜನರ ಹಕ್ಕಿನ ಸಮಿತಿ ಅಂತ.

ಇಲ್ಲಿಯವರೆಗೆ ನಿಮಗೆ ತಕರಾರಿಲ್ಲ, ಅಲ್ವಾ? ಇದು ಸೇವೆ. ಹೊಗಳಬಹುದು.

ಈಗ ಆ ಕಾಲದ ಆಡಳಿತ ನೋಡಿ. ನಾರ್ತ್‌ವೆಸ್ಟ್ ಟೆರಿಟರೀಸ್ ಎಂಬ, ನೆಲ್ಲಿಯವರ ಊರೂ ಸೇರಿದ ಅಷ್ಟು ದೊಡ್ಡ ಸೀಮೆಯನ್ನು 1967ರವರೆಗೆ ಒಟ್ಟಾವದಲ್ಲಿ ಕೂತೇ ಆಳುತ್ತಿದ್ದರು. ಸಾವಿರಾರು ಕಿಲೋಮೀಟರ್ ದೂರದಿಂದ. ಉತ್ತರ ಧ್ರುವದ ಕಡೆಯ ಮೂಲನಿವಾಸಿಗಳಾದ ಇನುಯಿಟ್ ಜನರಿಗೆ ಸಂಸತ್ತಿನ ಮತದ ಹಕ್ಕು ಕೊಟ್ಟಿದ್ದು 1950ರಲ್ಲಿ. ಕಾನೂನಿನಲ್ಲಿ ಹಕ್ಕು ಬಂತು, ಎಷ್ಟೋ ಊರುಗಳಿಗೆ ಮತಪೆಟ್ಟಿಗೆ ಮಾತ್ರ ಬರಲಿಲ್ಲ. ಪೂರ್ವದ ಊರುಗಳು 1962ರವರೆಗೆ ಕಾಯಬೇಕಾಯಿತು. ಮುಂದೆ ಶಾಸನಸಭೆಯಾದ ಸೀಮೆಯ ಮಂಡಳಿಗೆ ಮೊದಲ ಮಹಿಳೆ ಗೆದ್ದದ್ದು 1970ರಲ್ಲಿ. ಅವರು ಗ್ರೀನ್‌ಲ್ಯಾಂಡ್‌ನಿಂದ ಬಂದ ಲೀನಾ ಪೆಡರ್ಸನ್. ಮಂಡಳಿಯ ಎಲ್ಲ ಸದಸ್ಯರನ್ನೂ ಜನರೇ ಆರಿಸುವಂತಾದದ್ದು 1975ರಲ್ಲಿ. ಅಂದರೆ 1979ರಲ್ಲಿ ನೆಲ್ಲಿ ಚುನಾವಣೆಗೆ ನಿಂತಾಗ ಆ ಶಾಸನಸಭೆಯ ಪಾಯ ಇನ್ನೂ ಹಸಿಯಾಗಿತ್ತು. ಶಾಲೆ, ಮನೆಯಂಥ ವಿಷಯಗಳ ಕಡತ ಆ ಸಭೆಗೆ ಬರತೊಡಗಿತ್ತು. ಆಗ ಒಳಗೆ ಹೋಗದೆ ಹೊರಗೆ ನಿಂತು ಮನವಿಪತ್ರ ಕೊಡುತ್ತಾ ಇರಬೇಕಿತ್ತಾ ಮೇಷ್ಟ್ರೇ?

ಹೋದರು. 1979ರಿಂದ 1995ರವರೆಗೆ ಆ ಉತ್ತರ ತೀರದ ಕ್ಷೇತ್ರದ ಶಾಸಕಿಯಾಗಿದ್ದರು. ಆರೋಗ್ಯ, ಲೋಕೋಪಯೋಗಿಯಂಥ ಖಾತೆಗಳನ್ನು ನೋಡಿಕೊಂಡರು. ನಡುವೆ 1984ರ ಜೂನ್ 5ರಂದು ಇನುವಿಯಾಲುಯಿಟ್, ಅಂದರೆ ಆ ತೀರದ ಇನುಯಿಟ್ ಜನರ ಭೂಮಿ ಒಪ್ಪಂದಕ್ಕೆ ಸಹಿ ಬಿತ್ತು. ಸುಮಾರು 91,000 ಚದರ ಕಿಲೋಮೀಟರ್ ನೆಲ ಅವರ ಹೆಸರಿಗೆ ಬಂತು. ನಮ್ಮ ಕರ್ನಾಟಕದ ಅರ್ಧಕ್ಕೆ ಸ್ವಲ್ಪ ಕಡಿಮೆ! ಅದರಲ್ಲಿ ಸುಮಾರು 13,000 ಚದರ ಕಿಲೋಮೀಟರ್‌ಗೆ ನೆಲದಡಿಯ ಎಣ್ಣೆ, ಖನಿಜದ ಹಕ್ಕೂ ಸೇರಿತ್ತು. ಪಡೆದವರು ಕೆಲವೇ ಸಾವಿರ ಜನ. ಇದು ಒಬ್ಬರ ಕೆಲಸವಲ್ಲ. ಆದರೆ ಆ ಮಾತುಕತೆಯ ನಡುವೆ ಇದ್ದವರಲ್ಲಿ ಈ ರೇಡಿಯೊ ಹುಡುಗಿಯೂ ಒಬ್ಬಳು.

1991ರ ನವೆಂಬರ್‌ನಲ್ಲಿ ಅವರು ಆ ಸೀಮೆಯ ಪ್ರೀಮಿಯರ್ ಆದರು. ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಕೆನಡಾದಲ್ಲಿ ಆ ಕುರ್ಚಿಗೆ ಬಂದ ಮೊದಲ ಮೂಲನಿವಾಸಿ ಮಹಿಳೆ. ಅಲ್ಲಿನ ಶಾಸನಸಭೆಯಲ್ಲಿ ಪಕ್ಷಗಳೇ ಇಲ್ಲ ಎನ್ನುವುದು ನನಗೆ ಬಹಳ ಇಷ್ಟ. ಎಲ್ಲರೂ ಸ್ವತಂತ್ರರು. ಗೆದ್ದು ಬಂದವರು ಒಟ್ಟಿಗೆ ಕೂತು ಗುಪ್ತ ಮತದಿಂದ ಪ್ರೀಮಿಯರ್ ಆರಿಸುತ್ತಾರೆ. ಟಿಕೆಟ್‌ಗಾಗಿ ಯಾರ ಬಾಗಿಲೂ ಕಾಯಬೇಕಿಲ್ಲ.

ಇನ್ನು ನಿಮ್ಮ ಪೈಪ್‌ಲೈನ್ ಮಾತು. ಅಷ್ಟು ಗಮನಿಸಿ ಓದಿದ್ದಕ್ಕೆ ಸಂತೋಷ. ಆದರೆ ಮಧ್ಯದ ಕೊಂಡಿ ನಿಮ್ಮ ಕೈತಪ್ಪಿದೆ. 1974ರಿಂದ 1977ರವರೆಗೆ ನ್ಯಾಯಮೂರ್ತಿ ಥಾಮಸ್ ಬರ್ಗರ್, ಉತ್ತರ ತೀರದ ಗ್ಯಾಸನ್ನು ದಕ್ಷಿಣಕ್ಕೆ ಒಯ್ಯುವ ಆ ಪೈಪ್‌ಲೈನ್ ಬಗ್ಗೆ ವಿಚಾರಣೆ ನಡೆಸಿದರು. ಊರೂರಿಗೆ ಹೋಗಿ, ಮೂವತ್ತಕ್ಕೂ ಹೆಚ್ಚು ಊರುಗಳಲ್ಲಿ ಕೂತು ಕೇಳಿದರು. ಜನರ ಮಾತನ್ನು ಜನರ ಭಾಷೆಗಳಲ್ಲೇ ರೇಡಿಯೊ ಬಿತ್ತರಿಸಿತು. ಕೊನೆಗೆ ಮೆಕೆಂಜಿ ಕಣಿವೆಯಲ್ಲಿ 10 ವರ್ಷ ಪೈಪ್‌ಲೈನ್ ಬೇಡ, ಮೊದಲು ಭೂಮಿಯ ಹಕ್ಕು ತೀರ್ಮಾನವಾಗಲಿ ಎಂದರು. ಕೋಪ್‌ನವರ ಬೇಡಿಕೆಯೂ ಅದೇ ಆಗಿತ್ತು: ಮೊದಲು ನಮ್ಮ ನೆಲದ ಮಾತು. 1984ರಲ್ಲಿ ಅದು ತೀರ್ಮಾನವಾಯಿತು. 1996ರಲ್ಲಿ ನೆಲ್ಲಿ ಆ ಒಪ್ಪಂದದ ನೆಲ, ಹಣ ನೋಡಿಕೊಳ್ಳುವ ತಮ್ಮ ಜನರ ಪ್ರಾದೇಶಿಕ ನಿಗಮದ ಅಧ್ಯಕ್ಷೆಯಾದರು. ಇಪ್ಪತ್ತು ವರ್ಷ ಇದ್ದರು. 2000ದ ಹೊತ್ತಿಗೆ ಪೈಪ್‌ಲೈನ್ ಯೋಜನೆ ಮತ್ತೆ ಎದ್ದಾಗ ಮೂಲನಿವಾಸಿಗಳಿಗೆ ಅದರಲ್ಲಿ ಮೂರನೇ ಒಂದು ಪಾಲು ಸಿಗಲಿ ಎಂದು ಒಂದು ಕೂಟ ಹುಟ್ಟಿತು. ನೆಲ್ಲಿ ಅದರ ಪರ ನಿಂತರು. ಪಾಲಿನ ಈ ಮಾತು ಬಂದದ್ದು ಅವರು ಶಾಸನಸಭೆ ಬಿಟ್ಟ ಮೇಲೆ. ತಪ್ಪನ್ನು ರಾಜಕೀಯದ ತಲೆಗೆ ಕಟ್ಟುವುದು ಹೇಗೆ? ಎಲ್ಲರೂ ಅವರನ್ನು ಒಪ್ಪಲಿಲ್ಲ, ನಿಜ. ದೆಹ್ ಚೋ ಸೀಮೆಯ ಇನ್ನೊಂದು ಮೂಲನಿವಾಸಿ ಸಮುದಾಯವಾದ ದೇನೆ ಜನ ಕೂಟದಿಂದ ಹೊರಗೇ ಉಳಿದರು. 2017ರಲ್ಲಿ ಕಂಪನಿಗಳೇ ಯೋಜನೆ ಕೈಬಿಟ್ಟವು. ಆದರೂ ಕೇಳದೆ ಅಗೆಯಲು ಬಂದವನಿಗೆ ‘ಬೇಡ’ ಎನ್ನುವವರೇ, ಕೇಳಿಕೊಂಡು ಪಾಲು ಕೊಡಲು ಬಂದವನಿಗೆ ‘ಸರಿ, ಲೆಕ್ಕ ತೋರಿಸು’ ಎನ್ನಬಹುದು. ಗದ್ದೆ ಗೇಣಿಗೆ ಕೊಡುವವರೂ ಹಾಗೇ ಮಾಡುವುದಲ್ವಾ?

ನಮ್ಮ ದೊಡ್ಡಮ್ಮನ ಕಥೆ ಹೇಳುತ್ತೇನೆ. ಅವರು ನಮ್ಮೂರಿನ ಸೂಲಗಿತ್ತಿ. 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ಬಂತು. ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೀಸಲು ತಂದ ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಬರುವ ಮೊದಲೇ ನಮ್ಮ ರಾಜ್ಯ ಹೆಂಗಸರಿಗೆ ನಾಲ್ಕನೇ ಒಂದು ಭಾಗ ಸ್ಥಾನ ಇಟ್ಟಿತ್ತು. ದೊಡ್ಡಮ್ಮ ನಿಂತರು. ಊರಿನ ಹಿರಿಯರು ನಿಮ್ಮ ಹಾಗೇ ಪ್ರೀತಿಯಿಂದ ಹೇಳಿದರು, ‘ಪುಣ್ಯದ ಕೆಲಸ ಮಾಡ್ತಾ ಇದ್ದೀಯ, ಈ ಉಸಾಬರಿ ಯಾಕೆ?’ ಅಂತ. ಗೆದ್ದ ಮೇಲೆ ನಡಾವಳಿ ಪುಸ್ತಕವನ್ನು ಸಹಿಗೆ ಮನೆಗೇ ಕಳಿಸಿದರು. ದೊಡ್ಡಮ್ಮ ಸಹಿ ಹಾಕಲಿಲ್ಲ. ಮರುಸಲ ಸಭೆಗೆ ತಾವೇ ಹೋದರು. ಕೂರಲು ಕುರ್ಚಿ ಇರಲಿಲ್ಲ. ಮನೆಯಿಂದ ಮಣೆ ತರಿಸಿ ಕೂತರು.

ಆ ದಿನ ಕೈಪಂಪು ಎಲ್ಲಿ ಹಾಕಬೇಕು ಎಂಬ ಚರ್ಚೆ. ಎಲ್ಲರೂ ದೇವಸ್ಥಾನದ ಮುಂದೆ ಅಂದರು. ದೊಡ್ಡಮ್ಮ ಕೆಳಕೇರಿ ಅಂದರು. ‘ನಡುರಾತ್ರಿ ಹೆರಿಗೆಗೆ ಹೋದಾಗ ಆ ಕೇರಿಯಲ್ಲಿ ಬಿಸಿನೀರು ಕಾಯಿಸೋಕೆ ನೀರೇ ಇರೋದಿಲ್ಲ. ಕೊಡ ಹಿಡಿದು ಕೆರೆಗೆ ಓಡ್ತಾರೆ. ನಿಮ್ಮಲ್ಲಿ ಯಾರು ನೋಡಿದ್ದೀರಿ?’ ಎಂದರು. ಯಾರೂ ನೋಡಿರಲಿಲ್ಲ. ಪಂಪು ಕೆಳಕೇರಿಗೆ ಬಂತು. ಇಪ್ಪತ್ತು ವರ್ಷ ಬಾಣಂತಿಯರ ಸೇವೆ ಮಾಡಿ ದೊಡ್ಡಮ್ಮನಿಗೆ ಗೊತ್ತಿದ್ದ ವಿಷಯ ಅದು. ಸಹಿ ಹಾಕುವ ಜಾಗದಲ್ಲಿ ಕೂತ ಒಂದೇ ಮಧ್ಯಾಹ್ನ ಅದಕ್ಕೆ ಪರಿಹಾರ ಸಿಕ್ಕಿತು.

ನನಗೆ ಸಿಟ್ಟು ಬರುವುದು ಇಲ್ಲೇ. ಸೇವೆ ಮಾಡುವ ಹೆಣ್ಣುಮಗಳನ್ನು ನಾವು ತುಂಬಾ ಹೊಗಳುತ್ತೇವೆ. ಅಂಕೋಲಾದ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡ ಅವರನ್ನೇ ನೆನೆಯಿರಿ. ಹಾಡಿದರು, ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಎಷ್ಟು ವೇದಿಕೆಗಳಲ್ಲಿ ಶಾಲು ಹೊದಿಸಿದೆವು! ಆದರೆ ಪರಿಶಿಷ್ಟ ಪಂಗಡದ ಪಟ್ಟಿಗೆ ನಮ್ಮನ್ನು ಸೇರಿಸಿ ಎಂಬ ಹಾಲಕ್ಕಿಗಳ ಬೇಡಿಕೆ ಎಷ್ಟು ಹಳೆಯದು? ಶಾಲು ಹೊದಿಸಿದವರಲ್ಲಿ ಎಷ್ಟು ಜನ ಆ ಬೇಡಿಕೆಯನ್ನು ಕಿವಿಗೆ ಹಾಕಿಕೊಂಡರು? ನಮ್ಮ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಬಗ್ಗೆ ಬರೆಯುವಾಗಲೂ ಎಲ್ಲರೂ 2022ರಿಂದ ಶುರು ಮಾಡುತ್ತಾರೆ. ನೀರಾವರಿ ಇಲಾಖೆಯ ಗುಮಾಸ್ತೆ, ರಾಯರಂಗಪುರದ ಶಾಲೆಯ ಟೀಚರ್, 1997ರಲ್ಲಿ ಅದೇ ಊರಿನ ಕೌನ್ಸಿಲರ್, 2000ದಲ್ಲಿ ಶಾಸಕಿ. ಸಂತಾಲರ ಆ ಹೆಣ್ಣುಮಗಳು ಆ ಸಣ್ಣ ಚುನಾವಣೆಗೆ ನಿಂತದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಹೊಗಳಿಕೆ ಒಂದು ಬೇಲಿ ಆಗಿಬಿಟ್ಟಿದೆ. ‘ನೀನು ಎಷ್ಟು ಒಳ್ಳೆಯವಳು, ಅಲ್ಲೇ ಇರು.’ ಗಂಡಸರಿಗೆ ಯಾರೂ ಹೀಗೆ ಹೇಳುವುದಿಲ್ಲ. ಸಹಕಾರ ಸಂಘದಲ್ಲಿ ಹತ್ತು ವರ್ಷ ದುಡಿದ ಗಂಡಸಿಗೆ ‘ಇನ್ನು ಎಂಎಲ್ಎಗೆ ನಿಲ್ಲು’ ಅನ್ನುತ್ತೇವೆ.

ಕೆನಡಾದಲ್ಲೂ ಬೇಲಿ ಸುಮ್ನೆ ಬೀಳಲಿಲ್ಲ. ಅದೇ ಸೀಮೆಯಿಂದ 1999ರಲ್ಲಿ ನುನಾವುತ್ ಬೇರೆಯಾಯಿತು. ಅದಕ್ಕೂ ಮೊದಲು, 1997ರಲ್ಲಿ ಜನರ ಮುಂದೆ ಒಂದು ಪ್ರಶ್ನೆ ಇಟ್ಟರು. ಪ್ರತಿ ಕ್ಷೇತ್ರದಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಆರಿಸಿ ಬರಲಿ, ಸಭೆ ಸಮಸಮ ಇರಲಿ ಅಂತ. ನೂರಕ್ಕೆ 57 ಜನ ಬೇಡ ಎಂದರು. ಮೊದಲ ಸಭೆಗೆ ಗೆದ್ದ 19 ಜನರಲ್ಲಿ ಹೆಂಗಸು ಒಬ್ಬರೇ, ಮಾನಿಟೋಕ್ ಥಾಂಪ್ಸನ್. ನೆಲ್ಲಿಯವರ ಸೀಮೆಯಲ್ಲೂ 2015ರಲ್ಲಿ 19ಕ್ಕೆ ಇಬ್ಬರೇ ಗೆದ್ದರು. ಆ ಇಬ್ಬರಲ್ಲಿ ಕ್ಯಾರೊಲಿನ್ ಕಾಕ್ರೇನ್ ಒಬ್ಬರು. ಮೂಲನಿವಾಸಿ ಮತ್ತು ಯುರೋಪಿನವರ ಬೆರಕೆಯಿಂದ ಬಂದ ಮೆಟಿ ಸಮುದಾಯದವರು, ಸಮಾಜ ಕಾರ್ಯಕರ್ತೆ, ಮನೆಯಿಲ್ಲದ ಹೆಂಗಸರಿಗೆ ನೆಲೆ ಕೊಡುವ ಕೇಂದ್ರ ನಡೆಸಿದವರು. 2019ರಲ್ಲಿ ಗೆದ್ದ ಹೆಂಗಸರು 9. ಕಾಕ್ರೇನ್ ಪ್ರೀಮಿಯರ್ ಆದರು. ನಾಲ್ಕೇ ವರ್ಷದಲ್ಲಿ ಎರಡು ಒಂಬತ್ತಾಯಿತು ಅಂದರೆ, ಅಷ್ಟು ಮನೆಗಳಲ್ಲಿ ಯಾರೋ ‘ನಿಲ್ಲು’ ಎಂದಿರಲೇಬೇಕು.

ಮೇಷ್ಟ್ರೇ, ಆ ಹುಡುಗಿ ನಿಮ್ಮನ್ನು ಕೇಳಲು ಬಂದದ್ದು ಯಾಕೆ ಎಂದು ಇನ್ನೊಮ್ಮೆ ಯೋಚಿಸಿ. ಸಂಘದ ಲೆಕ್ಕ ಬರೆದು ಅವಳಿಗೆ ಕೇರಿಯ ಪ್ರತಿ ಮನೆಯ ಸಾಲ ಗೊತ್ತು. ಯಾರ ಮನೆಗೆ ಹಕ್ಕುಪತ್ರ ಇಲ್ಲ, ಯಾರ ಮಗು ಶಾಲೆ ಬಿಟ್ಟಿದೆ, ಎಲ್ಲ ಗೊತ್ತು. ನಿಲ್ಲಬೇಕು ಅಂತ ಮನಸ್ಸಿನಲ್ಲಿ ತೀರ್ಮಾನಿಸಿಯೇ ಬಂದಿರುತ್ತಾಳೆ. ಮೇಷ್ಟ್ರ ಬಾಯಲ್ಲಿ ಒಂದು ‘ಹೂಂ’ ಬೇಕಿತ್ತು.

ಮಳೆ ಬಿಟ್ಟ ಒಂದು ದಿನ ಅವಳ ಮನೆಗೆ ಹೋಗಿ ಬನ್ನಿ. ನೀವು ಅದೇ ಕ್ಷೇತ್ರದ ಮತದಾರರಾಗಿದ್ದರೆ ಇನ್ನೂ ಒಳ್ಳೆಯದು. ನಾಮಪತ್ರಕ್ಕೆ ಸೂಚಕರ ಸಹಿ ಬೇಕಾಗುತ್ತದೆ.