ಗಂಜಿ ತಂದುಕೊಟ್ಟವರು ಯಾರು?

ಪ್ರಿಯ ಬರಹಗಾರರಿಗೆ,

ಗುರುವೊಬ್ಬನ ಪಂಥದ ಪಾಲಾದ ಹುಡುಗನ ಬಗ್ಗೆ ಮಂಡ್ಯದಿಂದ ನೀವು ಕಳುಹಿಸಿದ ‘ಬಲೆ’ ಲೇಖನ ತಲುಪಿದೆ. ಭಾಷೆ ಚೊಕ್ಕಟವಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಅದರ ಎರಡು ವಾಕ್ಯಗಳು ನನ್ನನ್ನು ಬಹಳ ಕಾಡಿದವು. ಅವು ಇರುವವರೆಗೆ ಇದನ್ನು ಪ್ರಕಟಿಸಲಾರೆ.

ಮೊದಲನೆಯದು, ‘ಬುದ್ಧಿಯಿಲ್ಲದವರೇ ಇಂಥ ಪಂಥಗಳ ಪಾಲಾಗುತ್ತಾರೆ.’ 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಸಾರಿನ್ ವಿಷಾನಿಲ ಹರಡಿದ ಓಂ ಶಿನ್‌ರಿಕ್ಯೊ ಪಂಥದವರಲ್ಲಿ ಭೌತಶಾಸ್ತ್ರ ಓದಿದವರಿದ್ದರು, ಹೃದಯದ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ವೈದ್ಯನೊಬ್ಬನಿದ್ದ. ನಿಮ್ಮ ವಾಕ್ಯವನ್ನು ಓದಿದವರು ‘ಸದ್ಯ, ಇದು ನನ್ನ ಕುರಿತ ಮಾತಲ್ಲ’ ಎಂದು ನಿಶ್ಚಿಂತರಾಗುತ್ತಾರೆ. ನನಗೆ ಭಯವಾಗುವುದು ಆ ನಿಶ್ಚಿಂತೆಯನ್ನು ಕಂಡೇ.

ಎರಡನೆಯದು, ‘ಬೆಳಗಾಗುವುದರೊಳಗೆ ಅವನ ತಲೆ ಕೆಡಿಸಿದರು.’ ತಂದೆ ತೀರಿಕೊಂಡ ವರ್ಷವೇ ಡಿಪ್ಲೊಮಾದಲ್ಲಿ ನಪಾಸಾಗಿ, ಕೆಲಸ ಹುಡುಕಿಕೊಂಡು ಮೈಸೂರಿನ ಬಾಡಿಗೆ ಕೋಣೆಗೆ ಬಂದ ಹುಡುಗ ಎಂದು ನೀವೇ ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಇಡೀ ಲೇಖನ ಇರಬೇಕಾದದ್ದು ಆ ಅರ್ಧ ಸಾಲಿನಲ್ಲಿ. ಹಳೆಯ ಆಸರೆ ತಪ್ಪಿ ಹೊಸದು ಸಿಗದಿರುವ ಅಂಥ ದಿನಗಳಲ್ಲಿ ಹೆಸರು ಹಿಡಿದು ಕರೆಯುವವರು ಬರುತ್ತಾರೆ. ಮೊದಲು ಅಕ್ಕರೆ, ಆಮೇಲೆ ಒಂದು ಸಣ್ಣ ಜವಾಬ್ದಾರಿ, ಆಮೇಲೆ ಮನೆಯವರಿಗೆ ಫೋನು ಮಾಡುವುದು ಕಡಿಮೆಯಾಗುವುದು, ಸಿದ್ಧಾಂತ ಬರುವುದು ಎಷ್ಟೋ ತಡವಾಗಿ. 1978ರ ನವೆಂಬರ್ 18ರಂದು ದಕ್ಷಿಣ ಅಮೆರಿಕದ ಗಯಾನಾದ ಜೋನ್ಸ್‌ಟೌನಿನಲ್ಲಿ ಪಂಥದ ನಾಯಕನ ಆದೇಶದಂತೆ ನಡೆದ ವಿಷಪ್ರಾಶನದಲ್ಲಿ ಒಂಬೈನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಅವರ ಪಂಥವೂ ಮೊದಮೊದಲು ಕರಿಯರನ್ನೂ ಬಿಳಿಯರನ್ನೂ ಒಟ್ಟಿಗೆ ಕೂರಿಸಿ, ಬಡವರಿಗೆ ಊಟ ಹಾಕುತ್ತಿದ್ದ ಚರ್ಚು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಮೈಸೂರಿನ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ದಿನಗಳಲ್ಲಿ, ಮನೆ ತೊರೆದು ಗುರುವೊಬ್ಬರ ಹಿಂದೆ ಹೋದ ಹುಡುಗನ ಬಗ್ಗೆ ನಾನೊಂದು ವರದಿ ಬರೆದು ಅವನನ್ನು ‘ಮೂಢ’ ಎಂದು ಕರೆದಿದ್ದೆ. ಹಿರಿಯ ಉಪಸಂಪಾದಕರು ಆ ಪದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, “ಅವನ ತಾಯಿಯನ್ನು ಮಾತಾಡಿಸಿದೆಯಾ?” ಎಂದರು. ಮಾತಾಡಿಸಿರಲಿಲ್ಲ. ಮರುದಿನ ಮದ್ದೂರಿನ ಹತ್ತಿರದ ಆ ತಾಯಿಯ ಹಳ್ಳಿಗೆ ಹೋದೆ. ಆಕೆ ಮೊರದಲ್ಲಿ ರಾಗಿ ಕೇರುತ್ತಲೇ ಹೇಳಿದರು: “ಮಗ ಜ್ವರ ಬಂದು ರೂಮಲ್ಲಿ ಮಲಗಿದ್ದಾಗ ಮೂರು ದಿನ ಗಂಜಿ ತಂದುಕೊಟ್ಟೋರು ಅವ್ರೇ ಕಣಪ್ಪ. ನಾವಿಲ್ಲಿ ಕಬ್ಬು ಕಡಿಯೋದ್ರಲ್ಲಿದ್ದೋ.”

ನಿಮ್ಮ ಹುಡುಗನ ಕೋಣೆಯ ಬಾಗಿಲನ್ನು ಮೊದಲು ತಟ್ಟಿದವರು ಯಾರು, ಅವರ ಕೈಯಲ್ಲಿ ಏನಿತ್ತು ಎಂಬುದನ್ನು ವಿಚಾರಿಸಿ ಬರೆಯಿರಿ. ಆ ಪುಟಕ್ಕಾಗಿ ಕಾಯುತ್ತೇನೆ.

ಇತಿ,
ಸಂಪಾದಕ