ಹೈಬ್ರಿಡ್ ಜೋಳಕ್ಕೇ ಹುಳ ಯಾಕೆ?

ಪ್ರಶ್ನೆ: ಒಂದೇ ಕೋಣೆಯಲ್ಲಿ ಇಟ್ಟಿದ್ದೆವು. ಮುಂಗಾರಿನ ಹೈಬ್ರಿಡ್ ಜೋಳ ಪುಡಿಪುಡಿ, ಹಿಂಗಾರಿನ ಮಾಲ್ದಂಡಿ ಜೋಳಕ್ಕೆ ಅಷ್ಟೇನೂ ಆಗಿಲ್ಲ. ಯಾಕೆ? (ಓದುಗರು, ವಿಜಯಪುರ ಜಿಲ್ಲೆ)

ಉತ್ತರ: ಕಾಳನ್ನು ಕಚ್ಚಿ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಗಟ್ಟಿ ಕಾಳನ್ನು ಕೊರೆಯೋದು ಸೊಂಡಿಲು ಹುಳಕ್ಕೂ ಕಷ್ಟ, ಒಳಗೆ ಹಿಟ್ಟುಹಿಟ್ಟಾಗಿ ಮೆತ್ತಗಿದ್ದರೆ ಸಲೀಸು. ಹೆಣ್ಣು ಹುಳ ಕಾಳಿಗೆ ತೂತು ಕೊರೆದು, ಒಂದು ಮೊಟ್ಟೆ ಇಟ್ಟು, ಅಂಟಿನಿಂದ ಬಾಯಿ ಮುಚ್ಚಿಬಿಡುತ್ತದೆ, ಮರಿ ಒಳಗೇ ತಿಂದು ಬೆಳೆಯುವುದರಿಂದ ಸುಮಾರು ಒಂದು ತಿಂಗಳು ಹೊರಗೆ ಏನೂ ಕಾಣಲ್ಲ. ಆದರೆ ತಳಿಯೊಂದನ್ನೇ ದೂರಬೇಡಿ. ಮುಂಗಾರು ಜೋಳ ಮಳೆಗೆ ಸಿಕ್ಕಿರುತ್ತದೆ, ತೇವ ಜಾಸ್ತಿ, ಅಲ್ವಾ? ಹಸಿ ಇದ್ದರೆ ಮಾಲ್ದಂಡಿಯೂ ಉಳಿಯಲ್ಲ. ತೇವಾಂಶ ಶೇ. 12ಕ್ಕಿಂತ ಕೆಳಗಿಳಿಯುವ ತನಕ ಒಣಗಿಸಿ. ಹಳೇ ಚೀಲ ಮಾತ್ರ ಸುಮ್ನೆ ಕೊಡವಿ ತುಂಬಬೇಡಿ, ಹೊಲಿಗೆಯಲ್ಲೇ ಹುಳ ಕೂತಿರುತ್ತವೆ.