ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಹೋಗಿ

ಪತ್ರ: ವಾಡಿಯಿಂದ ಸಿಮೆಂಟ್ ಹೊಡೆಯಲು ಹಳೆಯ ಟ್ರೇಲರ್ ಲಾರಿ ನೋಡಿದ್ದೇನೆ. 2018ರ ಮಾಡೆಲ್, ಮೀಟರ್ 4 ಲಕ್ಷ 20 ಸಾವಿರ ತೋರಿಸುತ್ತದೆ. ಇಂಜಿನ್ ನಂಬಬಹುದಾ? ಯಾವ ಕಂಪನಿ ಇಂಜಿನ್ ಗಟ್ಟಿ? ತಾಯಿಯ ಹೊಲ ಅಡವಿಟ್ಟು ದುಡ್ಡು ಹೊಂದಿಸುತ್ತಿದ್ದೇನೆ.
– ಸೇಡಂ ತಾಲ್ಲೂಕಿನ ಓದುಗರು

ಸಂಪಾದಕರ ಉತ್ತರ:

ಶರಣು. ಪತ್ರದ ಕೊನೆಯ ಸಾಲು ಓದಿ ಮನಸ್ಸು ತಡೆಯಲಿಲ್ಲ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಟಾಟಾ, ಲೇಲ್ಯಾಂಡ್, ಭಾರತ್‌ಬೆಂಜ್ ಯಾವುದೇ ಇರಲಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಇಂಜಿನ್ ಬಾಳುತ್ತದೆ. ಆಯಿಲ್ ಬದಲಿಸಿದ ಬಿಲ್ಲುಗಳನ್ನು ಕೇಳಿ. ಮೀಟರ್ ಒಂದನ್ನೇ ನಂಬಬೇಡಿ. ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಹೊಳೆಯುತ್ತಿದ್ದು, ಮೀಟರ್ ಮಾತ್ರ ಕಡಿಮೆ ತೋರಿಸಿದರೆ ಅನುಮಾನ ಪಡಿ.

ಗಾಡಿ ನೋಡಲು ಹೇಳದೇ ಕೇಳದೇ ಬೆಳಿಗ್ಗೆಯೇ ಹೋಗಿ. ಮೊದಲು ಇಂಜಿನ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಆಗಲೇ ಯಾರೋ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ, ಇನ್ನೊಂದು ದಿನ ಬನ್ನಿ. ತಣ್ಣಗಿದ್ದರೆ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. (ಬಿಸಿ ಇದ್ದಾಗ ಖಂಡಿತ ತೆಗೀಬೇಡಿ, ಮುಖ ಸುಟ್ಟೀತು.) ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ, ಅಥವಾ ಆಯಿಲ್ ಕಡ್ಡಿಗೆ ಹಾಲು ಕಲಸಿದ ಚಹಾದಂಥ ಬಣ್ಣ ಹತ್ತಿದ್ದರೆ, ಆ ಗಾಡಿ ಬೇಡ. ನೀರೂ ಆಯಿಲೂ ಒಳಗೆ ಸೇರಿಕೊಂಡಿವೆ.

ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಬ್ರೀದರ್ ಪೈಪಿನ, ಅಂದರೆ ಇಂಜಿನ್ ಒಳಗಿನ ಗಾಳಿ ಹೊರಬಿಡುವ ಕೊಳವೆಯ, ಬಾಯಿ ನೋಡಿ. ಸ್ವಲ್ಪ ಹಬೆ ಬಂದರೆ ಪರವಾಗಿಲ್ಲ. ಒಲೆ ಊದಿದ ಹಾಗೆ ಬುಸುಬುಸು ಹೊಗೆ ಬಂದರೆ ಪಿಸ್ಟನ್ನಿನ ರಿಂಗ್, ಪಿಸ್ಟನ್ ಓಡಾಡುವ ಕೊಳವೆಯಾದ ಲೈನರ್ ಸವೆದಿವೆ. ನನ್ನ ತಮ್ಮ ಇದನ್ನು ನೋಡಲಿಲ್ಲ. ಮಾರಿದವರು ದಪ್ಪ ಆಯಿಲ್ ಹಾಕಿ ಹೊಗೆ ಅಡಗಿಸಿದ್ದರು. ಇಪ್ಪತ್ತೇ ದಿನಕ್ಕೆ ಹುಮನಾಬಾದ್ ರಸ್ತೆಯಲ್ಲಿ ಗಾಡಿ ನಿಂತಿತು, ಮಡ್ಡಿಯಂಥ ಆಯಿಲ್ ಚಾಸಿ ತುಂಬಾ. ಅವನು ರಸ್ತೆ ಪಕ್ಕ ಕುಂತು ಅತ್ತದ್ದು ನನಗೆ ಇನ್ನೂ ಮರೆತಿಲ್ಲ.

ನಮ್ಮ ಕಡೆ ಇನ್ನೊಂದು ಕಂಟಕ ಧೂಳು. ಸಿಮೆಂಟ್ ಧೂಳಿನಲ್ಲೇ ದುಡಿದ ಗಾಡಿ ಅಲ್ವಾ? ಏರ್ ಫಿಲ್ಟರ್ ಆಚೆ, ಇಂಜಿನ್ ಕಡೆಗೆ ಹೋಗುವ ಪೈಪ್ ಬಿಚ್ಚಿಸಿ ಒಳಗೆ ಬೆರಳಾಡಿಸಿ. ಬೆರಳಿಗೆ ಪುಡಿ ಹತ್ತಿದರೆ ಅದು ಲೈನರನ್ನೂ ಉಜ್ಜಿದೆ.

2018ರ ಗಾಡಿ ಬಿಎಸ್ 4, ಅಂದರೆ ಹೊಗೆ ಮಿತಿಯ ಸರ್ಕಾರಿ ನಿಯಮದ ನಾಲ್ಕನೇ ಹಂತದ್ದು. ಹೊಗೆಯ ವಿಷ ತಗ್ಗಿಸುವ ಯೂರಿಯಾ ದ್ರಾವಣದ ಟ್ಯಾಂಕ್ ಇದ್ದರೆ ಆ ಸಿಸ್ಟಂ ಕೆಲಸ ಮಾಡುತ್ತಿದೆಯಾ, ಕತ್ತರಿಸಿ ಹಾಕಿದ್ದಾರಾ ನೋಡಿಸಿ.

ಖಾಲಿ ಗಾಡಿ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಲೋಡ್ ಹಾಕಿ, ಬಿಸಿಲಲ್ಲಿ, ಒಂದು ತಾಸು ಓಡಿಸಿ. ಆಮೇಲೆ ಸುಮ್ನೆ ಐಡಲ್‌ನಲ್ಲಿ ಬಿಟ್ಟು ಆಯಿಲ್ ಪ್ರೆಶರ್ ಮುಳ್ಳು ನೋಡಿ. ಅದು ತಳಕ್ಕೆ ಬಿದ್ದರೆ, ದೀಪ ಮಿಣುಕಿದರೆ, ಇಂಜಿನ್ ಒಳಗಿನ ಬೇರಿಂಗ್ ಸವೆದಿರುವ ಸಾಧ್ಯತೆ ಜಾಸ್ತಿ. ಲೋಡ್ ಹಾಕಲು ಮಾರುವವರು ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಸಿ.

ಫೈನಾನ್ಸ್ ಸಾಲ ತೀರಿದ್ದಕ್ಕೆ ಎನ್‌ಒಸಿ, ಫಿಟ್‌ನೆಸ್, ಟ್ಯಾಕ್ಸ್ ಕಾಗದ ನೋಡದೆ ಮುಂಗಡ ಕೊಡಬೇಡಿ. ಮಿಸ್ತ್ರಿಯನ್ನು ನೀವೇ ಕರೆದುಕೊಂಡು ಹೋಗಿ, ಅವರಿಗೆ ಒಂದು ದಿನದ ಕೂಲಿ ಕೊಡಿ. ಹೊಲದ ಕಾಗದಕ್ಕೆ ತಾಯಿಯ ಹೆಬ್ಬೆಟ್ಟು ಒತ್ತಿಸುವ ಮೊದಲು, ಬ್ರೀದರ್ ಹೇಗಿತ್ತು ಅಂತ ನನಗೊಂದು ಪತ್ರ ಹಾಕಿ.